ಕಾನ್ಪುರದ ಗುಜರಿ, ಬೆಂಗಳೂರಿನ ರಿವೆಟ್ಟು

1989ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಾಲ್ಕು ಎಂಜಿನ್ನಿನ ಹಳೆಯ ಬಾಂಬರ್ ಒಂದು ಮತ್ತೆ ಆಕಾಶಕ್ಕೆ ಏರಿತು. ಹೆಸರು ಬಿ-24 ಲಿಬರೇಟರ್. ಅದರ ಮೈಮೇಲೆ ಬರೆದಿದ್ದದ್ದು ‘ಆಲ್ ಅಮೆರಿಕನ್’. ಆದರೆ ಆ ವಿಮಾನದ ಆಯುಷ್ಯದ ಹೆಚ್ಚು ಭಾಗ ಕಳೆದದ್ದು ಭಾರತದಲ್ಲಿ. ಒಮ್ಮೆ ಸತ್ತ ಅದಕ್ಕೆ ಜೀವ ಬಂದದ್ದು ಬೆಂಗಳೂರಿನಲ್ಲಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ 18 ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ತಯಾರಿಸಿತು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ಬರ್ಮಾದ ಯುದ್ಧಕ್ಕಾಗಿ ಬ್ರಿಟಿಷ್ ವಾಯುಪಡೆಗೆ ಇವು ‘ಲೆಂಡ್-ಲೀಸ್’ ಎಂಬ ಕಡದ ಒಪ್ಪಂದದಲ್ಲಿ ಸಿಕ್ಕಿದ್ದವು. ಯುದ್ಧ ಮುಗಿದ ಮೇಲೆ ಹಿಂತಿರುಗಿಸಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು. ಹಿಂದಕ್ಕೆ ಒಯ್ಯುವುದು ದುಬಾರಿ. ಹಾಗಾಗಿ ಕಾನ್ಪುರದ ಚಕೇರಿ ನೆಲೆಯಲ್ಲಿ ಸಾಲಾಗಿ ನಿಂತಿದ್ದ ವಿಮಾನಗಳ ಮಾಪಕಗಳನ್ನು ಒಡೆದರು, ಮೈಗೆ ತೂತು ಹೊಡೆದರು, ಎಂಜಿನ್ನಿಗೆ ಮರಳು ಸುರಿದರು. ಆಮೇಲೆ ಬಿಸಿಲು ಮಳೆಗೆ ಬಿಟ್ಟು ಹೋದರು.

1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಭಾರತೀಯ ವಾಯುಪಡೆಯ ಬಳಿ ಭಾರಿ ಬಾಂಬರ್ ಒಂದೂ ಇರಲಿಲ್ಲ. ಸರಕು ಸಾಗಿಸುವ ಡಕೋಟಾದ ಬಾಗಿಲಿನಿಂದ ಬಾಂಬು ಉರುಳಿಸಿದ ಕಾಲ ಅದು. ಆಗ ಕಾನ್ಪುರದ ಗುಜರಿಯ ಕಡೆ ಕಣ್ಣು ಹೋಯಿತು. ಕೆಲಸ ಬಿದ್ದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮೇಲೆ.

ಈ ಕಾರ್ಖಾನೆಗೆ ಮುಂಬೈಯ ನಂಟೂ ಇದೆ. ಡೊಂಬಿವಲಿ, ಕಲ್ಯಾಣದವರಿಗೆ ವಾಲ್‌ಚಂದ್ ಹೀರಾಚಂದ್ ಎಂದರೆ ಪ್ರೀಮಿಯರ್ ಕಾರು ನೆನಪಾಗುತ್ತದೆ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅದಕ್ಕೆ ಬೆಂಬಲವಾಗಿ ನಿಂತರು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಬರ್ಮಾ, ಚೀನಾ ರಂಗದ ಅಮೆರಿಕನ್ ವಿಮಾನಗಳು ದುರಸ್ತಿಗಾಗಿ ಇಲ್ಲಿಗೆ ಬಂದವು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ಎಂಬ ಜಲವಿಮಾನಗಳು ಇಳಿಯುತ್ತಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಬೆಂಗಳೂರಿನ ಕೆಲಸಗಾರರಿಗೆ ಅಮೆರಿಕನ್ ವಿಮಾನದ ಒಳಹೊರಗು ಚೆನ್ನಾಗಿ ತಿಳಿದಿತ್ತು.

ಆದರೂ ವಿಮಾನಗಳನ್ನು ಸುಮಾರು 1,500 ಕಿಲೋಮೀಟರ್ ದೂರದ ಕಾನ್ಪುರದಿಂದ ತರುವುದು ಹೇಗೆ? ಬಿಚ್ಚಿ ರೈಲಿನಲ್ಲಿ ತಂದು ಮತ್ತೆ ಜೋಡಿಸುವಷ್ಟು ಸಮಯವಿರಲಿಲ್ಲ. ಹಾರಿಸಿಯೇ ತರಬೇಕು. ಕಾರ್ಖಾನೆಯ ತಂಡ ಕಾನ್ಪುರಕ್ಕೆ ಹೋಗಿ, ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವ ಸ್ಥಿತಿಗೆ ತಂದಿತು. ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಬಂದವು 42. ಇಲ್ಲಿ ಅವುಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲಾಯಿತು. 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಕಾನ್ಪುರದಲ್ಲೇ ಶುರುವಾಯಿತು. 1951ರಿಂದ 6ನೇ ಸ್ಕ್ವಾಡ್ರನ್ನಿಗೂ ಇವು ಸಿಕ್ಕವು. ಪುಣೆಯಿಂದ ಹೊರಟು ಸಮುದ್ರದ ಮೇಲೆ ಗಸ್ತು ತಿರುಗುವುದು ಅವುಗಳ ಕೆಲಸವಾಯಿತು. ಗುಜರಿ ಎಂದು ಬಿಟ್ಟುಹೋದ ವಿಮಾನಗಳು ಹೀಗೆ 1968ರ ಕೊನೆಯವರೆಗೆ, ಇಪ್ಪತ್ತು ವರ್ಷ ದುಡಿದವು.

ಅಷ್ಟರಲ್ಲಿ ಅಮೆರಿಕ, ಬ್ರಿಟನ್ನಿನಲ್ಲಿ ಲಿಬರೇಟರ್‌ಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಕರಗಿಸಿ ಅಲ್ಯೂಮಿನಿಯಂ ಮಾಡಿಕೊಂಡಿದ್ದರು. ಅಲ್ಲಿನ ವಸ್ತುಸಂಗ್ರಹಾಲಯಗಳಿಗೆ ತಮ್ಮದೇ ವಿಮಾನ ಬೇಕಾದಾಗ ಭಾರತವನ್ನು ಕೇಳಬೇಕಾಯಿತು. 1968ರಲ್ಲಿ ಒಂದು ಕೆನಡಾಕ್ಕೆ ಹೋಯಿತು, ಬದಲಿಗೆ ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯಕ್ಕೆ ಲೈಸ್ಯಾಂಡರ್ ವಿಮಾನ ಬಂತು. 1969ರಲ್ಲಿ ಇನ್ನೊಂದು ಅಮೆರಿಕದ ಟೂಸಾನ್ ನಗರಕ್ಕೆ, 1974ರಲ್ಲಿ ಮತ್ತೊಂದು ಬ್ರಿಟನ್ನಿಗೆ ಹಾರಿತು. ಇಂದು ಪ್ರಪಂಚದಲ್ಲಿ ಉಳಿದಿರುವ ಲಿಬರೇಟರ್‌ಗಳು ಇಪ್ಪತ್ತಕ್ಕಿಂತ ಕಡಿಮೆ. ಅವುಗಳಲ್ಲಿ ಆರಾದರೂ ಭಾರತದಲ್ಲಿ ದುಡಿದು ಉಳಿದವು.

ಮೊದಲು ಹೇಳಿದ ವಿಮಾನ ಇವುಗಳಲ್ಲೊಂದು. 1981ರಲ್ಲಿ ಒಬ್ಬ ಬ್ರಿಟಿಷ್ ಸಂಗ್ರಾಹಕ ಅದನ್ನು ಬಿಡಿಭಾಗಗಳಾಗಿ ಇಂಗ್ಲೆಂಡಿಗೆ ಒಯ್ದ. 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ ಕೊಂಡಿತು. ನಿಲ್ಲಿಸಿ ತೋರಿಸಿದರೆ ಸಾಕು ಎಂಬುದು ಮೊದಲ ಯೋಚನೆ. ಆದರೆ ಯುದ್ಧದಲ್ಲಿ ಇಂಥ ವಿಮಾನದೊಳಗೆ ಕೂತು ಹೋಗಿದ್ದ ಮುದುಕರು, ಹಾರಿದರೇ ಚೆಂದ ಎಂದು ಪಟ್ಟು ಹಿಡಿದರು. ವೃತ್ತಿಯ ಮೆಕ್ಯಾನಿಕ್ಕುಗಳ ಜೊತೆ ಸ್ವಯಂಸೇವಕರೂ ಕೈ ಹಾಕಿದರು. ಪ್ರತಿಷ್ಠಾನದ ಲೆಕ್ಕದಲ್ಲಿ ಒಟ್ಟು ದುಡಿಮೆ ಸುಮಾರು 97,000 ಗಂಟೆ.

ಇಂಥ ಕೆಲಸಕ್ಕೆ ಬರುವ ಸ್ವಯಂಸೇವಕನಿಗೆ ಮೊದಲ ದಿನ ಸಿಗುವುದು ಪೈಲಟ್ಟಿನ ಸೀಟಲ್ಲ, ಬಣ್ಣ ಕೆರೆಯುವ ಉಪಕರಣ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಬೇಕು, ಎಲ್ಲಿತ್ತೆಂದು ಬರೆಯಬೇಕು. ತುಕ್ಕು ತಿಂದ ತಗಡನ್ನು ತೆಗೆದು ಅದೇ ಅಳತೆಯದನ್ನು ಕತ್ತರಿಸಬೇಕು. ರಿವೆಟ್ ಹೊಡೆಯಲು ಹೆಚ್ಚಿನ ಕಡೆ ಇಬ್ಬರು ಬೇಕು. ಹೊರಗಿನವನು ಗನ್ ಹಿಡಿದರೆ, ಒಳಗಿನವನು ಉಕ್ಕಿನ ಗಟ್ಟಿಯನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಸದ್ದಿನ ಮೇಲೆಯೇ ಕೆಲಸ. ಬೆಂಗಳೂರಿನ ಕೆಲಸಗಾರರೂ ರಿವೆಟ್ ಹೊಡೆದದ್ದು ಇದೇ ಕ್ರಮದಲ್ಲಿ. ಅವರು ಸಂಬಳಕ್ಕೆ ಮಾಡಿದರು, ನಾಳೆ ಆ ವಿಮಾನ ಹಾರಬೇಕೆಂದು ಮಾಡಿದರು. ಇವರು ರಜೆಯ ದಿನ ಬಂದು, ನಿನ್ನೆ ಅದು ಹಾರಿತ್ತೆಂದು ಮಾಡಿದರು.

ಎಲ್ಲ ಮುಗಿದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ ಬಣ್ಣದ್ದು. ವಿಮಾನಕ್ಕೆ ಹಲವು ಬದುಕುಗಳಿರುತ್ತವೆ, ಮೈ ಮಾತ್ರ ಒಂದೇ. ಯಾವ ವರ್ಷಕ್ಕೆ ಅದನ್ನು ತಿರುಗಿಸಬೇಕು? ಕೆನಡಾದಲ್ಲಿರುವ ಲಿಬರೇಟರ್ ಕೆನಡಾದ ವಾಯುಪಡೆಯ ಗುರುತು ತೊಟ್ಟಿತು. ಬ್ರಿಟನ್ನಿನದು ಬರ್ಮಾ ಯುದ್ಧದ ಕಾಲಕ್ಕೆ ಹೋಯಿತು. ಕಾಲಿಂಗ್ಸ್‌ನದು ‘ಆಲ್ ಅಮೆರಿಕನ್’ ಆಯಿತು, ಮುಂದೆ ‘ವಿಚ್‌ಕ್ರಾಫ್ಟ್’ ಎಂದೂ ಕರೆಸಿಕೊಂಡಿತು. ಇದು ಮೋಸವಲ್ಲ, ಪ್ರತಿ ದೇಶವೂ ತನ್ನ ಸತ್ತವರನ್ನು ನೆನೆಯಲು ಆ ವಿಮಾನವನ್ನು ತರಿಸಿಕೊಂಡಿತ್ತು. ಆದರೆ ಯುದ್ಧದಲ್ಲಿ ಕೆಲವೇ ತಿಂಗಳು ಹಾರಿದ ಬದುಕು ಮೇಲೆ ಬಂತು, ಇಪ್ಪತ್ತು ವರ್ಷ ಹಾರಿದ ಬದುಕು ಬಣ್ಣದ ಕೆಳಗೆ ಹೋಯಿತು. ಭಾರತೀಯ ವಾಯುಪಡೆಯ ಲಿಬರೇಟರ್ ನೋಡಬೇಕೆಂದರೆ ಪಾಲಂಗೇ ಹೋಗಬೇಕು.

ಭಾರತವೂ ಇದೇ ಆಯ್ಕೆ ಮಾಡಿದೆ. ಬೆಂಗಳೂರಿನ ಉದ್ಯಮಿ, ಮಾಜಿ ಸಂಸದ ರಾಜೀವ್ ಚಂದ್ರಶೇಖರ್ ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಆ ನೆನಪಿಗೆ ಅವರು ಹಳೆಯ ಡಕೋಟಾ ಒಂದನ್ನು ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಕೊಟ್ಟರು. ಹೆಸರು ‘ಪರಶುರಾಮ’. ಅದರ ಮೇಲಿರುವ ಸಂಖ್ಯೆ ವಿಪಿ 905, ಅಂದರೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ್ದು. ಲೋಹ ಬೇರೆ ವಿಮಾನದ್ದು, ನೆನಪು ಇನ್ನೊಂದರದ್ದು.

ಉಳಿಸುವುದೆಂದರೆ ಆರಿಸುವುದೂ ಹೌದು. ಮೊದಲ ವಿಕ್ರಾಂತ್ ಹಡಗು ಹನ್ನೊಂದು ವರ್ಷ ಸಂಗ್ರಹಾಲಯವಾಗಿ ನಿಂತು, 2014ರಲ್ಲಿ ದಾರುಖಾನಾದಲ್ಲಿ ತುಂಡಾದದ್ದನ್ನು ಕಂಡ ಮುಂಬೈಯವರಿಗೆ, ಆರಿಸದೆ ಬಿಟ್ಟದ್ದು ಏನಾಗುತ್ತದೆಂದು ಗೊತ್ತು. ಕಾನ್ಪುರದ ಲಿಬರೇಟರ್‌ಗಳೂ ಹಾಗೆಯೇ ಆಗಬೇಕಿತ್ತು. ಬೆಂಗಳೂರಿನವರು ಅವುಗಳನ್ನು ಇತಿಹಾಸಕ್ಕಾಗಿ ಉಳಿಸಲಿಲ್ಲ, ಕೆಲಸಕ್ಕೆ ಬೇಕೆಂದು ಉಳಿಸಿದರು. ಅದರಿಂದಲೇ ಇನ್ನೊಬ್ಬರ ಇತಿಹಾಸವೂ ಉಳಿಯಿತು. ಒಟ್ಟಾವಾದಲ್ಲೋ ಟೂಸಾನ್‌ನಲ್ಲೋ ಲಿಬರೇಟರ್ ಕಂಡ ಕನ್ನಡಿಗರು ಪಕ್ಕದ ಫಲಕ ಓದುವ ಮುನ್ನ ರೆಕ್ಕೆಯ ರಿವೆಟ್ಟಿನ ಸಾಲನ್ನೊಮ್ಮೆ ನೋಡಬೇಕು. ಅದರಲ್ಲಿ ಕೆಲವಾದರೂ ಬೆಂಗಳೂರಿನ ಕೈಗಳು ಹೊಡೆದವಿರಬಹುದು.