ಕೂಗಿಗೆ ಓಡಿಬರುವ ಧರ್ಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಚ್ಚು ಕುಡುಗೋಲುಗಳಿಲ್ಲದ ಒಕ್ಕಲುಮನೆಯು ಅಪೂರ್ವವೇ ಸರಿ. ಕೊಬ್ಬರಿಯ ಪೇಟೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಗುರುತಿಲ್ಲದ ಇಬ್ಬರು ಹೊಡೆದಾಟಕ್ಕೆ ನಿಂತಾಗ, ಆಯುಧವುಳ್ಳ ಮೂರನೆಯವನು ಮಾಡತಕ್ಕದ್ದೇನು? ಈ ಪ್ರಶ್ನೆಯು ಇಂದಿನದಲ್ಲ. ನಮ್ಮ ಪೂರ್ವಿಕರು ಇದನ್ನು ಕಲ್ಲಿನಲ್ಲಿಯೂ ಶಾಸ್ತ್ರದಲ್ಲಿಯೂ ವಿಚಾರಿಸಿರುವರು.

ಕಲ್ಲಿನ ಸಾಕ್ಷ್ಯವನ್ನು ಮೊದಲು ನೋಡಬಹುದು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳದು. ವೀರಗಲ್ಲುಗಳ ಲೇಖಗಳೂ ಅದರಲ್ಲುಂಟು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಪದೇಪದೇ ಕಾಣಬರುವ ಕಾರಣಗಳು ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬಿವು. ಎಂದರೆ ದನಗಳ ಅಪಹಾರ, ಹೆಂಗಸರ ಮೊರೆ, ಊರಿನ ನಾಶ. ಇಂಥ ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದುದೂ ಉಂಟು. ಆದರೆ ಅಲ್ಲಿ ಕಳ್ಳನಾರು, ದನವಾರದು ಎಂಬುದರಲ್ಲಿ ವೀರನಿಗೆ ಸಂದೇಹವಿರಲಿಲ್ಲ. ಅಪರಿಚಿತರ ಜಗಳದಲ್ಲಿ ಇರುವ ತೊಡಕು ಇದೇ: ಮೇಲೆ ಬಿದ್ದವನೇ ಅಪರಾಧಿಯೋ, ಪೆಟ್ಟು ತಿಂದವನೇ ಮೊದಲು ಕೈಯೆತ್ತಿದನೋ, ನೋಡುವವನಿಗೆ ತಿಳಿಯದು.

ಧರ್ಮಶಾಸ್ತ್ರವು ಈ ತೊಡಕನ್ನು ಮರೆಯಲಿಲ್ಲ. ಗ್ರಾಮವು ಸೂರೆಯಾಗುವಾಗಲೂ ದಾರಿಯಲ್ಲಿ ಕಳವು ಕಣ್ಣಿಗೆ ಬಿದ್ದಾಗಲೂ ಶಕ್ತಿಯಿದ್ದಷ್ಟು ಓಡಿಬಾರದವರನ್ನು ಊರಿನಿಂದ ಹೊರಹಾಕಬೇಕೆಂದು ಮನುಸ್ಮೃತಿಯ ವಿಧಿ. ಯಾಜ್ಞವಲ್ಕ್ಯಸ್ಮೃತಿಯಾದರೋ ಮೊರೆ ಕೇಳಿಯೂ ಓಡಿಬಾರದವನನ್ನು ದಂಡಾರ್ಹರ ಸಾಲಿನಲ್ಲಿ ಸೇರಿಸಿ, ಅವನ ಮಗ್ಗುಲಲ್ಲಿಯೇ ಕಾರಣವಿಲ್ಲದೆ ಮೊರೆಯಿಟ್ಟವನನ್ನೂ ನಿಲ್ಲಿಸುತ್ತದೆ. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಕನ್ನಡ ನೆಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ. ಎರಡು ದೋಷಗಳನ್ನು ಒಂದೆಡೆ ಇಟ್ಟುದರ ತಾತ್ಪರ್ಯವು ಸ್ಪಷ್ಟವಾಗಿದೆ: ಓಡಿಬರುವುದು ಕರ್ತವ್ಯ; ಆದರೆ ಕೂಗೆಲ್ಲವೂ ನಿಜವಲ್ಲವಾದುದರಿಂದ ಬಂದವನು ಮೊದಲು ವಿಚಾರಿಸತಕ್ಕದ್ದು.

1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 97ನೆಯ ಕಲಮು ತನ್ನ ದೇಹವನ್ನಷ್ಟೇ ಅಲ್ಲದೆ ಪರರ ದೇಹವನ್ನೂ ರಕ್ಷಿಸುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. 99ನೆಯ ಕಲಮು ಅದಕ್ಕೆ ಎಲ್ಲೆಯನ್ನು ಹಾಕಿತು: ಸರ್ಕಾರದ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 35 ಮತ್ತು 37ನೆಯ ಕಲಮುಗಳಲ್ಲಿ ಇದನ್ನೇ ಉಳಿಸಿಕೊಂಡಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಮಾರ್ಗವು ತೋರುತ್ತದೆ. ಬರಿಯ ಬೈಗುಳಕ್ಕೂ ನೂಕಾಟಕ್ಕೂ ಬೇಕಾದುದು ನಾಲ್ಕು ಜನರ ಮಾತು. ಮಚ್ಚು ಅಲ್ಲಿ ಹೊರಗೆ ಬಂದರೆ ಜಗಳವು ಕೊಲೆಯಾದೀತು. ಪ್ರಾಣಾಪಾಯವು ಕಣ್ಣೆದುರಿಗೇ ಇದ್ದು, ಪೋಲೀಸರು ಬರುವಷ್ಟು ವ್ಯವಧಾನವಿಲ್ಲದೆ, ಪೀಡಿತನಾರೆಂಬುದು ನಿಶ್ಚಯವಾದಾಗ ಮಾತ್ರ ಆಯುಧಕ್ಕೆ ಎಡೆಯುಂಟು. ಅದೂ ತಡೆಯುವುದಕ್ಕೇ ಹೊರತು ದಂಡಿಸುವುದಕ್ಕಲ್ಲ. ಪರರನ್ನು ಉಳಿಸಹೋಗಿ ಮಡಿದವನಿಗೆ ಊರು ಕಲ್ಲು ನೆಟ್ಟಿತು. ಅವಸರದ ಕೈಗೆ ಸಿಕ್ಕಿ ಸತ್ತ ನಿರಪರಾಧಿಗೆ ಕಲ್ಲು ನೆಡುವವರಾರು?