ದಾದಿಯರ ಪಾಲಿನ ಭತ್ತ

ಕ್ರೋಂಪೇಟೆಯಿಂದ ಜಿ.ಎಸ್.ಟಿ. ರಸ್ತೆಯಲ್ಲಿ ಚೆಂಗಲ್ಪಟ್ಟಿಗೆ ಸಾಗಿ, ಅಲ್ಲಿಂದ ಕಂಚಿಯ ಹಾದಿ ಹಿಡಿದರೆ ಪಾಲಾರ್ ನದಿಯ ಆಚೆ ದಡದಲ್ಲಿ ತಿರುಮುಕ್ಕೂಡಲ್ ಎಂಬ ಊರಿದೆ. ಅಲ್ಲಿಯ ವೆಂಕಟೇಶ ಪೆರುಮಾಳ್ ದೇಗುಲದ ಗೋಡೆಯ ಮೇಲೆ ವೀರರಾಜೇಂದ್ರ ಚೋಳನ ಕಾಲದ, ಎಂದರೆ 11ನೆಯ ಶತಮಾನದ, ದೀರ್ಘ ಶಾಸನವೊಂದುಂಟು. ಕನ್ನಡಿಗರಿಗೆ ಅದರ ಆರಂಭ ಅಷ್ಟೇನೂ ಹಿತವಲ್ಲ. ನಮ್ಮ ಚಾಲುಕ್ಯ ಆಹವಮಲ್ಲನನ್ನು ಸೋಲಿಸಿದ ಬಡಾಯಿ ಅಲ್ಲಿ ಧಾರಾಳವಾಗಿದೆ. ಆದರೆ ಅದೇ ಶಾಸನ ಮುಂದುವರಿದು ದೇಗುಲದ ಆತುರಶಾಲೆಯ ಲೆಕ್ಕವನ್ನೂ ಒಪ್ಪಿಸುತ್ತದೆ: 15 ಹಾಸಿಗೆಗಳು, ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ಸೌದೆಗಳನ್ನು ತರುವ ಇಬ್ಬರು ಆಳುಗಳು, ಔಷಧೋಪಚಾರಕ್ಕೆ ಇಬ್ಬರು ಹೆಂಗಸರು, ರಾತ್ರಿ ಉರಿಯಲು ಒಂದು ದೀಪ.

ಅಲ್ಲಿ ಆರೈಕೆ ಪಡೆಯುತ್ತಿದ್ದವರು ವೇದಪಾಠಶಾಲೆಯವರು ಮತ್ತು ದೇಗುಲದ ಪರಿಚಾರಕರು. ಸುಮಾರು ನೂರು ವರ್ಷಗಳ ಅನಂತರ, 1162ರ ಬಳ್ಳಿಗಾವೆಯ ಕೋಡಿಮಠದ ಶಾಸನದಲ್ಲಿ ಬಾಗಿಲು ಇನ್ನಷ್ಟು ಅಗಲವಾಗಿದೆ. ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ.

ಯೂರೋಪಿನಲ್ಲಿಯೂ ಆಸ್ಪತ್ರೆ ಮಠದ ಮಡಿಲಲ್ಲಿ ಬೆಳೆದ ಕೂಸೇ. (ಚೆನ್ನೈಯ ದೊಡ್ಡಾಸ್ಪತ್ರೆ 1664ರಲ್ಲಿ ವ್ಯಾಪಾರಿ ಕಂಪನಿ ತನ್ನ ಸೈನಿಕರಿಗಾಗಿ ತೆರೆದದ್ದು, ಅದರ ಕಥೆ ಬೇರೆ.) ಆದರೆ ಸನ್ಯಾಸಿನಿ ಎಂದರೆ ಮಠದ ಗೋಡೆಯೊಳಗೇ ಇರಬೇಕಾದವಳು ಎಂಬ ಕಟ್ಟುನಿಟ್ಟು ಅಲ್ಲಿತ್ತು. 1633ರಲ್ಲಿ ಪ್ಯಾರಿಸಿನಲ್ಲಿ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಯಾಕ್ ಕಟ್ಟಿದ ಸೋದರಿಯರ ಸಂಘ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು. ಅವರ ವ್ರತ ಆಜೀವವಲ್ಲ, ವರ್ಷವರ್ಷವೂ ಹೊಸದಾಗಿ ತೊಡುವಂಥದು. ಹಾಗಾಗಿ ಅವರು ಬೀದಿಗಿಳಿದು ಬಡವರ ಮನೆಗೆ, ಆಸ್ಪತ್ರೆಗೆ ನಡೆದು ಹೋಗಬಲ್ಲವರಾದರು. ದಾದಿವೃತ್ತಿಯ ಕಥೆಯನ್ನು ನೈಟಿಂಗೇಲಳಿಂದ ಆರಂಭಿಸುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ಆಕೆಯೂ 1851ರಲ್ಲಿ ಕಲಿತದ್ದು ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿದ್ದ ಪ್ರಾಟೆಸ್ಟೆಂಟ್ ಧರ್ಮಸೇವಿಕೆಯರ ಬಳಿ. 1886ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದವರೂ ಕ್ಯಾಥೊಲಿಕ್ ಸೋದರಿಯರೇ, ಗುಡ್ ಶೆಫರ್ಡ್ ಸಂಘದವರು.

ವ್ರತಕ್ಕೆ ಸಂಬಳವಿಲ್ಲ. ಆ ಸೋದರಿಯರ ತ್ಯಾಗ ದೊಡ್ಡದು, ಸಂಶಯವಿಲ್ಲ. ಆದರೆ ವ್ರತ ತೊಡದ, ಮನೆಮಕ್ಕಳನ್ನು ಸಾಕಬೇಕಾದ ಹೆಣ್ಣು ಅದೇ ಕೆಲಸಕ್ಕೆ ಬಂದಾಗಲೂ ಲೋಕ ಅದನ್ನು 'ಸೇವೆ' ಎಂದೇ ಕರೆಯಿತು. ಕೂಲಿಯ ಮಾತೆತ್ತಿದರೆ ಮುಖ ಸಿಂಡರಿಸಿತು. ಈ ದೃಷ್ಟಿಯಿಂದ ತಿರುಮುಕ್ಕೂಡಲಿನ ಲೆಕ್ಕವನ್ನು ಮತ್ತೆ ಓದಬೇಕು. ಅಲ್ಲಿ ಪುಣ್ಯ ದಾನಿಯದು, ಕೆಲಸದವರಿಗೆ ಕೂಲಿ. ವೈದ್ಯನಿಗೆ 90 ಕಲಂ ಭತ್ತ ಮತ್ತು 8 ಕಾಸು, ಹೆಂಗಸರಿಬ್ಬರಿಗೆ 30 ಕಲಂ ಭತ್ತ ಮತ್ತು 1 ಕಾಸು. ವೈದ್ಯನ ಹೆಸರು ಕೋದಂಡರಾಮ ಅಶ್ವತ್ಥಾಮ ಭಟ್ಟ ಎಂದು ಶಾಸನವೇ ಹೇಳುತ್ತದೆ. ಆ ಇಬ್ಬರು ಹೆಂಗಸರ ಹೆಸರನ್ನು ಯಾರೂ ಕೆತ್ತಿಸಲಿಲ್ಲ.