ಮೃಣಾಲವತಿ: ಪ್ರಬಂಧದಲ್ಲಿಯೂ ಕಾದಂಬರಿಯಲ್ಲಿಯೂ

ಕನ್ನಯ್ಯಲಾಲ್ ಮುನ್ಷಿಯವರ ಗುಜರಾತಿ ಕಾದಂಬರಿ ‘ಪೃಥ್ವೀವಲ್ಲಭ’ವನ್ನು ಓದಿದವರು ಅದರ ನಾಯಕ ಮುಂಜನನ್ನು ಮರೆಯಲಾರರು. ಮಾಳವದ ಈ ಪರಮಾರ ಅರಸನು ಚಾಲುಕ್ಯ ತೈಲಪನ ಸೆರೆಯಾಳಾಗಿ ಬರುತ್ತಾನೆ. ತೈಲಪನ ವಿಧವೆ ಸೋದರಿ ಮೃಣಾಲವತಿ ಅವನಲ್ಲಿ ಅನುರಕ್ತಳಾಗುತ್ತಾಳೆ. ಸೋದರನ ಶತ್ರುವಿನಲ್ಲಿ ವಿಧವೆಯೊಬ್ಬಳಿಗೆ ಮೂಡಿದ ಪ್ರೇಮವೆಂದ ಮೇಲೆ ಅದು ನಿಷಿದ್ಧವೆಂದು ಬೇರೆ ಹೇಳಬೇಕಾಗಿಲ್ಲ. 1943ರಲ್ಲಿ ಸೊಹ್ರಾಬ್ ಮೋದಿಯವರು ಇದನ್ನು ಚಲನಚಿತ್ರವಾಗಿಯೂ ತೆಗೆದರು.

ಈ ಕಥೆಯ ಮೂಲವು ಜೈನ ಗ್ರಂಥವೊಂದರಲ್ಲಿದೆಯೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಂತಿಲ್ಲ. ಶ್ವೇತಾಂಬರ ಆಚಾರ್ಯ ಮೇರುತುಂಗರು 1305ರಲ್ಲಿ ಪೂರೈಸಿದ ‘ಪ್ರಬಂಧಚಿಂತಾಮಣಿ’ಯೇ ಆ ಗ್ರಂಥ. ಗೋದಾವರಿಯನ್ನು ದಾಟಬೇಡವೆಂದು ಮಂತ್ರಿ ರುದ್ರಾದಿತ್ಯನು ಎಚ್ಚರಿಸಿದರೂ ಕೇಳದೆ ಮುಂಜನು ದಾಟಿದನು, ಸೆರೆಸಿಕ್ಕಿದನು. ಸೆರೆಯಲ್ಲಿ ಒಂದು ದಿನ ಅವನು ಕನ್ನಡಿ ನೋಡಿಕೊಳ್ಳುತ್ತಿರುವಾಗ ಮೃಣಾಲವತಿ ಹಿಂದಿನಿಂದ ಬಂದು ನಿಲ್ಲುತ್ತಾಳೆ. ಅವನ ಯೌವನದ ಮುಖದ ಪಕ್ಕದಲ್ಲಿ ಪ್ರಾಯ ಸಂದ ತನ್ನ ಮುಖವನ್ನು ಕಂಡು ಅವಳ ಮನಸ್ಸು ಕುಗ್ಗುತ್ತದೆ. ಸುರಂಗಮಾರ್ಗದಿಂದ ಪಾರಾಗುವ ಹಂಚಿಕೆಯನ್ನು ಅವನು ತಿಳಿಸಿ ಜೊತೆಗೆ ಕರೆದಾಗ, ಆಭರಣದ ಪೆಟ್ಟಿಗೆ ತರುವೆನೆಂದು ಹೋದವಳು ಸೋದರನಿಗೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಮಾಳವಕ್ಕೆ ಹೋದ ಮೇಲೆ ಈತ ಮುದುಕಿಯಾದ ತನ್ನನ್ನು ತೊರೆದಾನೆಂಬ ಭಯವೇ ಇದಕ್ಕೆ ಕಾರಣ. ಮುಂಜನನ್ನು ಹಗ್ಗದಿಂದ ಬಿಗಿದು ಮನೆಮನೆಗೆ ಭಿಕ್ಷೆ ಬೇಡಿಸಿ ಕೊಲ್ಲಲಾಯಿತು.

ಮುಂಜ, ತೈಲಪರು ಕಲ್ಪಿತ ವ್ಯಕ್ತಿಗಳಲ್ಲ. ದಿಗಂಬರ ಮುನಿ ಅಮಿತಗತಿಗಳು ‘ಸುಭಾಷಿತರತ್ನಸಂದೋಹ’ವನ್ನು ವಿಕ್ರಮ ಸಂವತ್ 1050ರಲ್ಲಿ, ಅಂದರೆ ಕ್ರಿ.ಶ. 993-94ರಲ್ಲಿ, ಮುಂಜನು ಆಳುತ್ತಿರುವಾಗ ಮುಗಿಸಿದರು. ಇತ್ತ ತೈಲಪನ ರಾಜ್ಯದಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನ ‘ಅಜಿತಪುರಾಣ’ ಸಿದ್ಧವಾದದ್ದೂ 993ರಲ್ಲಿಯೇ. ಕಾದಾಡುತ್ತಿದ್ದ ಎರಡು ರಾಜ್ಯಗಳಲ್ಲಿ ಏಕಕಾಲಕ್ಕೆ ಎರಡು ಜೈನ ಕೃತಿಗಳು! ತೈಲಪನು 997ರಲ್ಲಿ ತೀರಿಕೊಂಡುದರಿಂದ ಮುಂಜನ ಪತನವು ಈ ನಡುವಿನ ಮೂರು ನಾಲ್ಕು ವರ್ಷಗಳಲ್ಲಿ ನಡೆದಿರಬೇಕು. ಚಾಲುಕ್ಯ ಶಾಸನಗಳು ಅವನನ್ನು ಉತ್ಪಲನೆಂದು ಕರೆದು ಅವನ ಸೆರೆಯನ್ನು ಹೇಳುತ್ತವೆ. ಮೃಣಾಲವತಿಯ ಪ್ರಸಂಗವನ್ನು ಮಾತ್ರ ಇತಿಹಾಸಕಾರರು ದಂತಕಥೆಯೆಂದೇ ಎಣಿಸುತ್ತಾರೆ.

ದಂತಕಥೆಯನ್ನು ಕಾದಂಬರಿಕಾರನು ಬಳಸಿದುದು ತಪ್ಪಲ್ಲ. ಆದರೆ ಮುಂಜನು ಬೆಳಗಬೇಕೆಂದು ಮುನ್ಷಿಯವರು ತೈಲಪನನ್ನು ಕೇವಲ ಕ್ಷುದ್ರನನ್ನಾಗಿಸಿದರು. ರನ್ನನಿಗೆ ಕವಿಚಕ್ರವರ್ತಿ ಬಿರುದನ್ನಿತ್ತ ಅರಸನ ಗುರುತೇ ಅಲ್ಲಿ ಸಿಗದು. ಜಮೆಯನ್ನೆಲ್ಲ ಒಬ್ಬನ ಖಾತೆಗೂ ಖರ್ಚನ್ನೆಲ್ಲ ಇನ್ನೊಬ್ಬನ ಖಾತೆಗೂ ಬರೆದ ಲೆಕ್ಕವನ್ನು ಯಾವ ವರ್ತಕನೂ ಒಪ್ಪಲಾರ. ಮೃಣಾಲವತಿಯ ವೈರಾಗ್ಯವೂ ಅಲ್ಲಿ ಬರಿಯ ಕಾಠಿಣ್ಯವಾಗಿದೆ, ಮುಂಜನ ನಗೆಯ ಮುಂದೆ ಕರಗುವುದಕ್ಕಾಗಿಯೇ ಇಟ್ಟ ಮಂಜಿನ ಗಡ್ಡೆಯಂತೆ. ಸಂಯಮವನ್ನು ಬಾಳಿ ತೋರಿದವರನ್ನು ಕಂಡವರಿಗೆ ಇದು ನಿಜವೆನಿಸದು. ಆದರೂ ಅವಳಿಗೊಂದು ಹೃದಯವಿತ್ತೆಂದು ಮುನ್ಷಿಯವರು ಒಪ್ಪಿದರು, ಅದು ಸಣ್ಣ ಮಾತಲ್ಲ.

ಮೇರುತುಂಗರಾದರೋ, ಸ್ತ್ರೀಯನ್ನು ನಂಬಿ ಕೆಟ್ಟವನೆಂಬ ಪಾಠಕ್ಕೆ ಮುಂಜನನ್ನು ನಿದರ್ಶನವಾಗಿಸಿದ್ದಾರೆ. ಪೂಜ್ಯ ಆಚಾರ್ಯರ ಈ ತೀರ್ಪನ್ನು ನಾನು ಒಪ್ಪಲಾರೆ. ಕನ್ನಡಿಯ ಮುಂದೆ ಆ ಹೆಂಗಸು ಪಟ್ಟ ವ್ಯಥೆಯನ್ನು ಅಷ್ಟು ಸೂಕ್ಷ್ಮವಾಗಿ ಬರೆದವರೂ ಅವರೇ ಅಲ್ಲವೆ? ಮುಂಜನು ಸತ್ತೊಡನೆ ಅವರ ಕಥೆ ಭೋಜರಾಜನತ್ತ ತಿರುಗುತ್ತದೆ. ಮೃಣಾಲವತಿ ಏನಾದಳೆಂದು ಅವರು ಹೇಳುವುದಿಲ್ಲ.